ಶಾಲೆಗೆ ಬೀಗ ಬಿದ್ದಾಗ: ಪ್ರಾಥಮಿಕ ತರಗತಿಯ ಮಕ್ಕಳ ಮನೆಗಲಿಕೆ

ಶಾಲೆ ಮುಚ್ಚುವುದಕ್ಕೆ ಕಾರಣಗಳು ಹಲವು. ಜುಲೈ, ಆಗಸ್ಟ್ ತಿಂಗಳಲ್ಲಿ ಕೊಡಗು, ಮಲೆನಾಡು ಮತ್ತು ಕರಾವಳಿಯ ಜಿಲ್ಲಾಧಿಕಾರಿಗಳು ಮಳೆಯ ರಜೆ ಘೋಷಿಸುವುದು ವರ್ಷವರ್ಷದ ಮಾತು. ಕೃಷ್ಣಾ, ಮಲಪ್ರಭಾ, ಘಟಪ್ರಭಾ ತೀರದ ಊರುಗಳಿಗೆ ನೆರೆ ನುಗ್ಗಿದರೆ ಎತ್ತರದ ಶಾಲೆಗಳೇ ಸಂತ್ರಸ್ತರ ಆಸರೆಯಾಗುತ್ತವೆ. 2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳು ಇದನ್ನು ಕಂಡವು. ಇವೆಲ್ಲ ದಿನಗಳ, ಹೆಚ್ಚೆಂದರೆ ವಾರಗಳ ಲೆಕ್ಕ. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ಬಿದ್ದ ಬೀಗದ ಲೆಕ್ಕವೇ ಬೇರೆ. ದೇಶದಲ್ಲಿ ಸುಮಾರು 15 ಲಕ್ಷ ಶಾಲೆಗಳು ಮುಚ್ಚಿದವು. ಯುನಿಸೆಫ್ ಲೆಕ್ಕದಲ್ಲಿ 24.7 ಕೋಟಿ ಮಕ್ಕಳು ಮನೆಯಲ್ಲಿ ಉಳಿದರು. ಕರ್ನಾಟಕದಲ್ಲಿ 1ರಿಂದ 5ನೇ ತರಗತಿಯ ಮಕ್ಕಳಿಗೆ ಶಾಲೆಯ ಬಾಗಿಲು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು, ಅಂದರೆ ಸುಮಾರು 19 ತಿಂಗಳ ಮೇಲೆ. ಒಂದನೇ ತರಗತಿಯಲ್ಲಿ ಕಾಗುಣಿತ ತಿದ್ದುತ್ತಿದ್ದ ಮಗು ಮರಳಿ ಬಂದು ಕುಳಿತದ್ದು ಮೂರನೆಯ ತರಗತಿಯಲ್ಲಿ.

ಇಂಥ ಹೊತ್ತಿನಲ್ಲಿ ಆರರಿಂದ ಹನ್ನೊಂದು ವರ್ಷದ ಮಗು ಮನೆಯಲ್ಲಿ ಕಲಿಯುವುದನ್ನು ಹೋಂವರ್ಕ್ ಎಂದುಕೊಂಡದ್ದರಿಂದ ಬಹಳ ಗೊಂದಲವಾಯಿತು. ತರಗತಿಯಲ್ಲಿ ಕಲಿಸಿಯಾದ ಪಾಠವನ್ನು ಮತ್ತೊಮ್ಮೆ ಮಾಡಿ ಗಟ್ಟಿಮಾಡಿಕೊಳ್ಳುವುದು ಹೋಂವರ್ಕ್. ಶಾಲೆಯೇ ಇಲ್ಲದಾಗ ಕಲಿಸುವವರು ಯಾರು, ತಪ್ಪು ತಿದ್ದುವವರು ಯಾರು, ಮುಂದಿನ ಹೆಜ್ಜೆ ಯಾವುದೆಂದು ಹೇಳುವವರು ಯಾರು ಎಂಬ ಮೂರೂ ಪ್ರಶ್ನೆಗಳು ಒಟ್ಟಿಗೆ ಮನೆಯ ಹೊಸ್ತಿಲಿಗೆ ಬಂದು ನಿಲ್ಲುತ್ತವೆ. ಶಾಲೆಯೇ ಬೇಡವೆಂದು ಮಕ್ಕಳಿಗೆ ಮನೆಯಲ್ಲೇ ಕಲಿಸುವ ಪಾಲಕರ ಮಾತು ಬೇರೆ. ಅವರಿಗೆ ತಯಾರಿ ಇರುತ್ತದೆ, ಪುರುಸೊತ್ತೂ ಇರುತ್ತದೆ. ಬೆಳಿಗ್ಗೆ ಕೂಲಿಗೆ ಹೋಗುವ ತಾಯಿಗೆ ಎರಡೂ ಇರುವುದಿಲ್ಲ.

ಪ್ರಶ್ನೆ ಹಳೆಯದೇ. 1937ರಲ್ಲಿ ಪೋಲಿಯೊ ಭಯದಿಂದ ಶಿಕಾಗೊ ನಗರದ ಶಾಲೆಗಳು ಬೇಸಿಗೆ ರಜೆಯ ನಂತರ ತೆರೆಯದೆ ಉಳಿದಾಗ ಪಾಠಗಳು ರೇಡಿಯೊದಲ್ಲಿ ಬಂದವು. ದಿನಪತ್ರಿಕೆಗಳು ಆಯಾ ದಿನದ ಪಾಠದ ವಿವರ ಅಚ್ಚು ಹಾಕಿದವು. 1948ರಲ್ಲಿ ಅದೇ ರೋಗ ನ್ಯೂಜಿಲೆಂಡಿನ ಶಾಲೆಗಳನ್ನು ಮುಚ್ಚಿಸಿತು. ದೂರದ ಹೊಲಮನೆಗಳ ಮಕ್ಕಳಿಗಾಗಿ 1922ರಿಂದಲೇ ನಡೆಯುತ್ತಿದ್ದ ಅಲ್ಲಿನ ಅಂಚೆ ಶಾಲೆ ಆಗ ಇಡೀ ದೇಶದ ಮಕ್ಕಳಿಗೆ ಪಾಠ ಕಳಿಸಿತು. 2014–15ರಲ್ಲಿ ಎಬೋಲಾ ಹಬ್ಬಿದ್ದಾಗ ಸಿಯೆರಾ ಲಿಯೋನ್ ಮೊರೆಹೋದದ್ದೂ ರೇಡಿಯೊಗೇ. ಪಾಠವನ್ನು ಮನೆಗೆ ಮುಟ್ಟಿಸುವ ದಾರಿ ಹೇಗೋ ಸಿಕ್ಕಿತು, ಮುಟ್ಟಿದ ಪಾಠದಿಂದ ಮಗು ಏನು ಕಲಿಯಿತೆಂದು ತಿಳಿಯುವ ದಾರಿ ಇರಲಿಲ್ಲ. ಕೋವಿಡ್ ಕಾಲದಲ್ಲೂ ತೊಡಕು ಉಳಿದದ್ದು ಅಲ್ಲಿಯೇ.

ಕರ್ನಾಟಕದಲ್ಲಿ ಮೊದಲು ಬಂದದ್ದು 2020ರ ಏಪ್ರಿಲ್‌ನ ‘ಮಕ್ಕಳ ವಾಣಿ’. ಶಿಕ್ಷಣ ಇಲಾಖೆಯ ಈ ಯೂಟ್ಯೂಬ್ ಚಾನೆಲ್‌ನಲ್ಲಿ ಹಾಡು, ಕತೆ, ಕರಕುಶಲ, ಮ್ಯಾಜಿಕ್ ಎಲ್ಲವೂ ಇದ್ದವು. ಅದೇ ತಿಂಗಳು ಎನ್‌ಸಿಇಆರ್‌ಟಿ ಪ್ರಾಥಮಿಕ ತರಗತಿಗಳಿಗೆ ಪರ್ಯಾಯ ಶೈಕ್ಷಣಿಕ ವೇಳಾಪಟ್ಟಿ ಹೊರತಂದು, ಪ್ರತಿ ವಾರ ಮನೆಯಲ್ಲಿ ಮಾಡಬಹುದಾದ ಚಟುವಟಿಕೆಗಳನ್ನು ಕಲಿಕಾ ಫಲಗಳಿಗೆ ಜೋಡಿಸಿ ಕೊಟ್ಟಿತು. ಇಂಟರ್ನೆಟ್ ಇಲ್ಲದ ಮನೆಗೆ ಶಿಕ್ಷಕರು ಫೋನ್ ಕರೆಯಲ್ಲೋ ಎಸ್‌ಎಂಎಸ್‌ನಲ್ಲೋ ಹೇಳಬಹುದೆಂಬ ಸೂಚನೆ ಅದರಲ್ಲೇ ಇತ್ತು. ಆದರೆ ಗದ್ದಲವೆದ್ದದ್ದು ಆನ್‌ಲೈನ್ ತರಗತಿಯ ಬಗ್ಗೆ. ಬೆಂಗಳೂರಿನ ಖಾಸಗಿ ಶಾಲೆಗಳು ಎಲ್‌ಕೆಜಿ ಮಕ್ಕಳನ್ನೂ ಗಂಟೆಗಟ್ಟಲೆ ಪರದೆಯ ಮುಂದೆ ಕೂರಿಸುತ್ತಿವೆ ಎಂಬ ದೂರು ಬಂದು, ಜೂನ್‌ನಲ್ಲಿ ಸರ್ಕಾರ ಐದನೇ ತರಗತಿಯವರೆಗೆ ಅದನ್ನು ನಿಷೇಧಿಸಿತು. ಪ್ರೊ. ಎಂ.ಕೆ. ಶ್ರೀಧರ್ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿ ನೇಮಕವಾಯಿತು. ಜುಲೈನಲ್ಲಿ ಹೈಕೋರ್ಟ್ ನಿಷೇಧಕ್ಕೆ ತಡೆ ನೀಡಿತು. ಅದೇ ತಿಂಗಳು ಕೇಂದ್ರದ ‘ಪ್ರಜ್ಞಾತಾ’ ಮಾರ್ಗಸೂಚಿ ಬಂದು, 1ರಿಂದ 8ನೇ ತರಗತಿಗೆ ದಿನಕ್ಕೆ 30–45 ನಿಮಿಷದ ಎರಡು ಅವಧಿ ಸಾಕೆಂದು ಮಿತಿ ಹಾಕಿತು. ಚಂದನ ವಾಹಿನಿಯ ‘ಸಂವೇದ’ ಪಾಠಗಳು ಮೊದಲು ಶುರುವಾದದ್ದು ಪ್ರೌಢಶಾಲೆಯವರಿಗೆ. ಎಸ್ಸೆಸ್ಸೆಲ್ಸಿ ಇರುವ ಕಡೆಗೆ ಎಲ್ಲರ ಕಣ್ಣು, ಇನ್ನೂ ಅಕ್ಷರ ಕೂಡಿಸಲು ಕಲಿಯುತ್ತಿದ್ದವರ ಸರದಿ ಕೊನೆಗೆ. ಹಾನಿ ಹೆಚ್ಚು ತಟ್ಟಿದ್ದು ಮಾತ್ರ ಈ ಚಿಕ್ಕವರಿಗೇ.

ಆ ವರ್ಷದ ಆಗಸ್ಟ್‌ನಲ್ಲಿ ಬಂದ ‘ವಿದ್ಯಾಗಮ’ ಇವೆಲ್ಲಕ್ಕಿಂತ ಭಿನ್ನವಾಗಿತ್ತು. ಮೊಬೈಲ್ ಇಲ್ಲದ ಮಕ್ಕಳು, ಬರೀ ಕರೆಯ ಮೊಬೈಲ್ ಇರುವವರು, ಸ್ಮಾರ್ಟ್‌ಫೋನ್ ಇರುವವರು ಎಂದು ಮೂರು ಪಟ್ಟಿ ಮಾಡಿ, ಊರಿನ ಒಂದೊಂದು ಭಾಗದ ಮಕ್ಕಳನ್ನು ಒಬ್ಬೊಬ್ಬ ಮಾರ್ಗದರ್ಶಿ ಶಿಕ್ಷಕರಿಗೆ ವಹಿಸಲಾಯಿತು. ದೇವಸ್ಥಾನದ ಜಗಲಿ, ಅರಳಿಕಟ್ಟೆ, ಸಮುದಾಯ ಭವನ, ಯಾರದೋ ಮನೆಯ ಅಂಗಳ, ಜಾಗ ಸಿಕ್ಕಲ್ಲಿ ಪಾಠ ನಡೆಯಿತು. ಜನ ಇದನ್ನು ವಠಾರ ಶಾಲೆ ಎಂದೇ ಕರೆದರು. ಸೋಂಕಿನ ವರದಿಗಳು ಬಂದಾಗ ಅಕ್ಟೋಬರ್‌ನಲ್ಲಿ ನಿಲ್ಲಿಸಬೇಕಾಯಿತು. 2021ರ ಜನವರಿಯಲ್ಲಿ ಅದು ಶಾಲೆಯ ಆವರಣಕ್ಕೆ ಮರಳಿದ್ದು 6ನೇ ತರಗತಿಯಿಂದ ಮೇಲಿನವರಿಗೆ. ಎರಡು ತಿಂಗಳು ನಡೆದ ಯೋಜನೆಯ ಫಲವನ್ನು ಅಳೆದು ಹೇಳುವುದು ಕಷ್ಟ. ಆದರೂ ಮನೆಗಲಿಕೆಗೆ ಬೇಕಾದದ್ದು ಮಗುವಿನ ಹತ್ತಿರಕ್ಕೆ ಬರುವ ಒಬ್ಬ ಮನುಷ್ಯ ಎಂಬುದನ್ನು ಹಿಡಿದದ್ದು ಈ ಯೋಜನೆಯೇ.

ಉಪಕರಣದ ಮೇಲೆ ಇಟ್ಟ ಭರವಸೆ ಎಷ್ಟು ದೂರ ಬಂತೆಂಬುದನ್ನು ಅಂಕಿಗಳು ಹೇಳುತ್ತವೆ. ಮಕ್ಕಳ ಕಲಿಕೆಯ ಮಟ್ಟ ಅಳೆಯುವ ಅಸರ್ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದ ಶಾಲಾ ಮಕ್ಕಳ ಪೈಕಿ ಸ್ಮಾರ್ಟ್‌ಫೋನ್ ಇರುವ ಮನೆಯವರು 2018ರಲ್ಲಿ ಶೇ 36.5, 2020ರಲ್ಲಿ ಶೇ 61.8, 2021ರಲ್ಲಿ ಶೇ 67.6. ಏರಿಕೆ ದೊಡ್ಡದೇ. ಆದರೆ 2021ರಲ್ಲಿ ಫೋನ್ ಇದ್ದ ಮನೆಯ ಮಕ್ಕಳಲ್ಲೂ ಶೇ 26 ಮಂದಿಯ ಕೈಗೆ ಅದು ಸಿಗುತ್ತಿರಲಿಲ್ಲ. ಫೋನ್ ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೋಗುತ್ತದೆ. ಸಂಜೆ ಬಂದಮೇಲೆ ಮೊದಲ ಹಕ್ಕು ಹತ್ತನೇ ತರಗತಿಯ ಅಣ್ಣನದು. 2021ರ ಆಗಸ್ಟ್‌ನಲ್ಲಿ ಅರ್ಥಶಾಸ್ತ್ರಜ್ಞರಾದ ಜೀನ್ ಡ್ರೀಜ್, ರೀತಿಕಾ ಖೇರಾ ಮುಂತಾದವರ ತಂಡ 15 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ಬಡ ಕುಟುಂಬಗಳ ಸುಮಾರು 1,400 ಮಕ್ಕಳನ್ನು ಮಾತಾಡಿಸಿದಾಗ, ನಿಯಮಿತವಾಗಿ ಆನ್‌ಲೈನ್‌ನಲ್ಲಿ ಓದುತ್ತಿದ್ದವರು ಹಳ್ಳಿಯಲ್ಲಿ ಶೇ 8, ನಗರದಲ್ಲಿ ಶೇ 24 ಮಾತ್ರ.

ಕಲಿಕೆಯ ನಷ್ಟವನ್ನೂ ಅಳೆಯಲಾಗಿದೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳನ್ನು ಪರೀಕ್ಷಿಸಿತು. 2ರಿಂದ 6ನೇ ತರಗತಿಯ ಈ ಮಕ್ಕಳಲ್ಲಿ ಶೇ 92 ಮಂದಿ ಹಿಂದಿನ ವರ್ಷ ಬರುತ್ತಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಒಂದನ್ನಾದರೂ ಮರೆತಿದ್ದರು. ಗಣಿತದಲ್ಲಿ ಹೀಗೆ ಮರೆತವರು ಶೇ 82. ಗ್ರಾಮೀಣ ಕರ್ನಾಟಕದ ಮೂರನೇ ತರಗತಿಯಲ್ಲಿ ಎರಡನೇ ತರಗತಿಯ ಪಠ್ಯ ಓದಬಲ್ಲವರು 2018ರಲ್ಲಿ ಶೇ 19.2 ಇದ್ದದ್ದು 2022ರಲ್ಲಿ ಶೇ 8.6ಕ್ಕೆ ಇಳಿಯಿತು ಎಂದು ಅಸರ್ ದಾಖಲಿಸಿದೆ. ಮೊದಲಿನ ಅಂಕಿಯೂ ಹೆಮ್ಮೆಪಡುವಂಥದ್ದಲ್ಲ ಎಂಬುದು ಬೇರೆ ಮಾತು.

ಇದು ಬಡತನದ, ನೆಟ್‌ವರ್ಕ್ ಇಲ್ಲದ ಊರುಗಳ ಕತೆ ಮಾತ್ರ ಎಂದುಕೊಳ್ಳುವವರು ನೆದರ್ಲೆಂಡ್ಸ್ ಕಡೆ ನೋಡಬೇಕು. ಮನೆಮನೆಗೂ ಇಂಟರ್ನೆಟ್ ಇರುವ ಆ ದೇಶದಲ್ಲಿ ಶಾಲೆ ಮುಚ್ಚಿದ್ದು ಎಂಟು ವಾರ. ಪ್ರಾಥಮಿಕ ಮಕ್ಕಳು ಮನೆಯಲ್ಲಿ ಕಲಿತದ್ದು ಇಲ್ಲವೆಂಬಷ್ಟು ಕಡಿಮೆ, ತಂದೆತಾಯಿ ಹೆಚ್ಚು ಓದಿರದ ಮನೆಗಳಲ್ಲಿ ನಷ್ಟ ಶೇ 60ರವರೆಗೆ ಹೆಚ್ಚು ಎಂದು 2021ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಇದಕ್ಕೆ ಎದುರಾಗಿ ನಿಲ್ಲುವುದು ಆಫ್ರಿಕಾದ ಬೋಟ್ಸ್‌ವಾನದ ಪ್ರಯೋಗ. ಅಲ್ಲಿ ಸುಮಾರು 4,500 ಕುಟುಂಬಗಳಲ್ಲಿ ಕೆಲವಕ್ಕೆ ವಾರಕ್ಕೊಂದು ಲೆಕ್ಕ ಎಸ್‌ಎಂಎಸ್‌ನಲ್ಲಿ ಹೋಯಿತು. ಇನ್ನು ಕೆಲವಕ್ಕೆ ಎಸ್‌ಎಂಎಸ್ ಜೊತೆಗೆ ಶಿಕ್ಷಕರ 15–20 ನಿಮಿಷದ ಕರೆಯೂ ಹೋಯಿತು. ಬರೀ ಎಸ್‌ಎಂಎಸ್‌ನಿಂದ ಹೇಳಿಕೊಳ್ಳುವಂಥ ಲಾಭವಾಗಲಿಲ್ಲ. ಕರೆ ಬಂದ ಮನೆಗಳಲ್ಲಿ ಮಕ್ಕಳ ಲೆಕ್ಕ ಸುಧಾರಿಸಿತು. ಬಳಸಿದ್ದು ಸಾದಾ ಫೋನು. ಮಗು ಲೆಕ್ಕ ಮಾಡಿತೇ, ಎಲ್ಲಿ ತಪ್ಪಿತು ಎಂದು ಒಬ್ಬರು ಕೇಳಿಸಿಕೊಂಡರು, ಅಷ್ಟೇ.

ಹಾಗಾದರೆ ಮನೆಯಲ್ಲಿ ಮಾಡಬೇಕಾದ್ದು ಏನು? ಕೋವಿಡ್ ಕಾಲದಲ್ಲಿ ಹಂಚಿದ ಚಟುವಟಿಕೆಗಳ ಪಟ್ಟಿಗಳು ಉದ್ದವಾಗಿದ್ದವು. ಕಾಗದದ ದೋಣಿ, ಬೆರಳಚ್ಚಿನ ಚಿತ್ರ, ಜ್ವಾಲಾಮುಖಿಯ ಮಾದರಿ ಎಲ್ಲಕ್ಕೂ ಸಮಾನ ಜಾಗ. ಸಮಯ ಕಡಿಮೆ ಇರುವ ಮನೆಗೆ ಈ ಸಮಾನತೆ ಉಪಕಾರಿಯಲ್ಲ. ಈ ವಯಸ್ಸಿನಲ್ಲಿ ನಿಂತುಹೋದರೆ ಮುಂದಿನದೆಲ್ಲ ಕುಸಿಯುವುದು ಓದು ಮತ್ತು ಲೆಕ್ಕ. ಅವೆರಡಕ್ಕೆ ದಿನದ ಪಾಲು ತೆಗೆದಿಟ್ಟಮೇಲೆ ಉಳಿದದ್ದು ಮನೆಯವರ ಇಷ್ಟ.

ಓದಿನ ವಿಷಯದಲ್ಲಿ ಕನ್ನಡ ಲಿಪಿಯದೇ ಒಂದು ಬೇಡಿಕೆ ಇದೆ. ವರ್ಣಮಾಲೆ ಮುಗಿದರೆ ಕಾಗುಣಿತ, ಕಾಗುಣಿತ ಮುಗಿದರೆ ಒತ್ತಕ್ಷರ. ಮಗು ಗುರುತಿಸಬೇಕಾದ ರೂಪಗಳು ನೂರಾರು. ಕನ್ನಡದ ಮಕ್ಕಳ ಓದನ್ನು ಅಧ್ಯಯನ ಮಾಡಿದ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ ಅಕ್ಷರಗಳ ಮೇಲೆ ಹಿಡಿತ ಸಿಗಲು ಇಲ್ಲಿ ಹೆಚ್ಚು ಕಾಲ ಬೇಕು. ನಾಲ್ಕನೇ ತರಗತಿಯವರೆಗೂ ಆ ಕಲಿಕೆ ನಡೆದೇ ಇರುತ್ತದೆ. ಎರಡನೇ ತರಗತಿಯಲ್ಲಿ ಓದು ನಿಂತರೆ ಅರ್ಧ ಕಟ್ಟಿದ ಗೋಡೆಯನ್ನು ಮಳೆಗೆ ಬಿಟ್ಟ ಹಾಗೆ. ಆದ್ದರಿಂದ ಮನೆಯ ಮೊದಲ ಚಟುವಟಿಕೆ ದಿನಾ ಹತ್ತು ಹದಿನೈದು ನಿಮಿಷ ಗಟ್ಟಿಯಾಗಿ ಓದುವುದು. ಪುಸ್ತಕ ಮಗುವಿಗೆ ಸ್ವಲ್ಪ ಸುಲಭವೆನಿಸುವಂತಿರಬೇಕು. ಸಾಲಿಗೆ ಮೂರು ನಾಲ್ಕು ಪದದಲ್ಲಿ ಎಡವುವ ಪುಟದಿಂದ ಮಗು ಕಲಿಯುವುದು ಓದಿನ ಬೇಸರವನ್ನು. ಮೂರನೇ ತರಗತಿಯ ಮಗುವಿಗೆ ಒಂದನೇ ತರಗತಿಯ ಪಠ್ಯ ಕೊಡಲು ಪಾಲಕರಿಗೆ ಅವಮಾನವೆನಿಸಿದರೂ ಕೊಡುವುದೇ ಸರಿ.

ಒತ್ತಕ್ಷರ ಬಿಟ್ಟು ಓದುವ ಮಗುವನ್ನು ತಿದ್ದಲು ಕಾಪಿ ಬರಹಕ್ಕಿಂತ ಜೋಡಿಪದಗಳು ಒಳ್ಳೆಯವು. ಕತೆ–ಕತ್ತೆ, ಹಳಿ–ಹಳ್ಳಿ, ಬಳಿ–ಬಳ್ಳಿ ಎಂದು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ದೊಡ್ಡದಾಗಿ ಬರೆದು ಚೀಟಿ ಕತ್ತರಿಸಿಟ್ಟರೆ ಸಾಕು. ‘ಅಗಸನ ಕತೆ ಓಡಿತು’ ಎಂದು ಮಗು ಓದಿದ ಕ್ಷಣ ಮನೆಯವರೆಲ್ಲ ನಗುತ್ತಾರೆ. ತಪ್ಪು ಎಲ್ಲಿ ಎಂದು ಯಾರೂ ಹೇಳಬೇಕಾಗಿಲ್ಲ, ಅರ್ಥವೇ ತಿದ್ದುತ್ತದೆ. ಪುಸ್ತಕವಿಲ್ಲದ ಮನೆಯಲ್ಲೂ ಅಚ್ಚಿನ ಅಕ್ಷರಕ್ಕೆ ಬರವಿಲ್ಲ. ಬೆಂಕಿಪೊಟ್ಟಣ, ಅಕ್ಕಿ ಚೀಲ, ಕರೆಂಟ್ ಬಿಲ್ಲು, ಮದುವೆಯ ಕರೆಯೋಲೆ, ದಿನಸಿ ಕಟ್ಟಿಕೊಟ್ಟ ಪತ್ರಿಕೆಯ ತುಂಡು, ಎಲ್ಲವೂ ಓದಿಗೆ ಒದಗುತ್ತವೆ. ಕರೆಯೋಲೆಯಿಂದ ‘ಮುಹೂರ್ತ ಎಷ್ಟು ಗಂಟೆಗೆ, ಯಾವ ಊರಿನಲ್ಲಿ’ ಎಂದು ಹುಡುಕಿಸುವುದು ಪಾಠದ ಕೆಳಗಿನ ಪ್ರಶ್ನೆಗಳಿಗೆ ಉತ್ತರ ಬರೆಸುವಷ್ಟೇ ಕೆಲಸ ಮಾಡುತ್ತದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕತೆಗಳು ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಣೆಯಾಗಿ ಉಚಿತವಾಗಿ ಸಿಗುತ್ತವೆ. ಫೋನ್ ಅರ್ಧ ಗಂಟೆ ಕೈಗೆ ಬಂದರೆ ವಿಡಿಯೊ ಪಾಠಕ್ಕಿಂತ ಇದು ಒಳ್ಳೆಯ ಬಳಕೆ.

ಕೇಳುವುದು, ಹೇಳುವುದು ಓದಿನ ಅಡಿಪಾಯ. ಅಜ್ಜ ಅಜ್ಜಿ ಇರುವ ಮನೆಗೆ ಕತೆ, ಒಗಟು, ಗಾದೆ ಹೊರಗಿನಿಂದ ಬರಬೇಕಾಗಿಲ್ಲ. ಕೇಳಿದ ಕತೆಯನ್ನು ಮಗು ಮರುದಿನ ತಮ್ಮನಿಗೆ ತಿರುಗಿ ಹೇಳುವುದು, ಕೊನೆಯನ್ನು ಬದಲಿಸಿ ಹೇಳುವುದು, ಕತೆಯಲ್ಲಿ ಬಂದ ನರಿಯ ಪರವಾಗಿ ವಾದಿಸುವುದು, ಇವು ಮಗುವಿನ ಪದಸಂಪತ್ತನ್ನು ಬೆಳೆಸುತ್ತವೆ. ಬರವಣಿಗೆಗೆ ಓದುಗರು ಬೇಕು. ಪುಟಗಟ್ಟಲೆ ಕಾಪಿ ಬರಹ ಬರೆಸಿದರೆ ಕೈ ಸುಮ್ಮನಿರುವುದಿಲ್ಲ ನಿಜ, ತಲೆ ಸುಮ್ಮನಿರುತ್ತದೆ. ಅಂಗಡಿಯ ಚೀಟಿ, ದೂರದ ಅತ್ತೆಗೆ ಕಾಗದ, ಆ ದಿನ ಕಂಡದ್ದರ ಬಗ್ಗೆ ಮೂರು ಸಾಲು, ಇವನ್ನು ಯಾರೋ ನಿಜಕ್ಕೂ ಓದುತ್ತಾರೆ. ಚೀಟಿಯಲ್ಲಿ ‘ಬೆಲ್ಲ’ ‘ಬೆಲ’ ಆದರೆ ಅಂಗಡಿಯವನೇ ಕೇಳುತ್ತಾನೆ.

ಲೆಕ್ಕಕ್ಕೆ ಮನೆ ಶಾಲೆಗಿಂತ ಸಿರಿವಂತ. ಚೌಕಾಬಾರವನ್ನೇ ನೋಡಬಹುದು. ಐದೈದು ಮನೆಗಳ ಚೌಕ, ನಾಲ್ಕು ಕವಡೆ. ಎಷ್ಟು ಕವಡೆ ಅಂಗಾತ ಬಿದ್ದವೋ ಅಷ್ಟು ಮನೆ ನಡೆ. ನಾಲ್ಕೂ ಅಂಗಾತವಾದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಎಂಟು ಮನೆ. ಒಂದನೇ ತರಗತಿಯ ಮಗು ಮೊದಮೊದಲು ಒಂದೊಂದೇ ಮನೆ ಬೆರಳಿಟ್ಟು ಎಣಿಸುತ್ತದೆ. ಆಟ ಏರಿದಂತೆ ‘ಮೂರು ಬಿದ್ದರೆ ಅಕ್ಕನ ಕಾಯಿ ಹೊಡೆಯಬಹುದು’ ಎಂದು ಎಣಿಸದೆಯೇ ಹೇಳತೊಡಗುತ್ತದೆ. ಬೆರಳು ಬಿಟ್ಟು ಮನಸ್ಸಿನಲ್ಲಿ ಕೂಡುವ ಆ ದಾಟುವಿಕೆಯೇ ಆರಂಭದ ಗಣಿತದ ದೊಡ್ಡ ಹೆಜ್ಜೆ. ಚೆನ್ನೆಮಣೆಯಲ್ಲಿ ಹದಿನಾಲ್ಕು ಗುಳಿಗೆ ನಾಲ್ಕು ನಾಲ್ಕರಂತೆ ಐವತ್ತಾರು ಕಾಳು. ಹಂಚುವಿಕೆ, ಶೇಷ, ಮುಂದಾಲೋಚನೆ ಮೂರೂ ಅದರಲ್ಲಿವೆ. ಮಣೆ ಇಲ್ಲದವರು ಮಣ್ಣಿನಲ್ಲಿ ಗುಳಿ ತೋಡಿ ಹುಣಸೆಬೀಜದಲ್ಲಿ ಆಡಿದರಾಯಿತು.

ಮೂರು, ನಾಲ್ಕನೇ ತರಗತಿಯವರಿಗೆ ಅಂಗಳದ ರಂಗೋಲಿ ಇದೆ. ನಡುವೆ ಏಳು ಚುಕ್ಕಿ ಇಟ್ಟು, ಎರಡೂ ಕಡೆ ಐದು, ಮೂರು, ಒಂದು ಎಂದು ಇಳಿದರೆ ಒಟ್ಟು ಎಷ್ಟು? ಮಗು ಎಣಿಸಿ ಇಪ್ಪತ್ತೈದು ಎನ್ನುತ್ತದೆ. ಅದೇ ಏಳರಿಂದ ಸಂದುಚುಕ್ಕಿಯಲ್ಲಿ ಆರು, ಐದು, ನಾಲ್ಕಕ್ಕೆ ಇಳಿದರೆ ಮೂವತ್ತೇಳು. ಎಣಿಸದೆ ಹೇಳುವ ಉಪಾಯವಿದೆಯೇ ಎಂದು ಕೇಳಿದರೆ, ನಡುವಿನ ಸಾಲು ಬಿಟ್ಟು ಮೇಲಿನ ಅರ್ಧವನ್ನು ಇಮ್ಮಡಿ ಮಾಡಿ, ಆಮೇಲೆ ನಡುವಿನದನ್ನು ಕೂಡಿಸಬಹುದೆಂದು ಯಾವುದಾದರೂ ಮಗು ಕಂಡುಹಿಡಿಯುತ್ತದೆ. ಸಮ್ಮಿತಿ, ಬೆಸಸಂಖ್ಯೆ, ಗುಣಾಕಾರ ಒಂದೇ ಅಂಗಳದಲ್ಲಿ ಸಿಕ್ಕವು. ಮನೆಯ ಹೆಂಗಸರಿಗೆ ತಾವು ದಿನಾ ಗಣಿತ ಮಾಡುತ್ತಿದ್ದೇವೆಂದು ಯಾರೂ ಹೇಳಿರುವುದಿಲ್ಲ.

ಇಲ್ಲೊಂದು ಎಚ್ಚರಿಕೆ ಬೇಕು. ಅಂಗಡಿಯ ಲೆಕ್ಕ, ಅಡುಗೆಮನೆಯ ಅಳತೆ ತಾನಾಗಿಯೇ ಪುಸ್ತಕದ ಗಣಿತವಾಗಿಬಿಡುತ್ತದೆ ಎಂಬ ನಂಬಿಕೆ ಹಲವರಲ್ಲಿದೆ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರು ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ ಮಕ್ಕಳ ಬಗ್ಗೆ 2025ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಅಲ್ಲಗಳೆಯಿತು. ತೂಕ, ಬೆಲೆ, ಚಿಲ್ಲರೆಯ ಜಟಿಲ ಲೆಕ್ಕವನ್ನು ಬಾಯಲ್ಲೇ ಮಾಡುವ ಮಕ್ಕಳು ಅಂಥದ್ದೇ ಲೆಕ್ಕವನ್ನು ಶಾಲೆಯ ರೀತಿಯಲ್ಲಿ ಬರೆದುಕೊಟ್ಟರೆ ತಡವರಿಸಿದರು. ಶಾಲೆಗೆ ಮಾತ್ರ ಹೋಗುವ ಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ಸೋತರು. ಎರಡರ ನಡುವೆ ಸೇತುವೆ ಕಟ್ಟಬೇಕಾದವರು ದೊಡ್ಡವರು. ನೂರು ರೂಪಾಯಿ ಕೊಟ್ಟು 64 ರೂಪಾಯಿಯ ಸಾಮಾನು ತಂದ ಮಗು ‘64ಕ್ಕೆ ಆರು ಕೊಟ್ಟರೆ 70, ಇನ್ನು ಮೂವತ್ತು’ ಎಂದು 36ನ್ನು ಬಾಯಲ್ಲಿ ಹೇಳಿದರೆ, ಸ್ಲೇಟಿನಲ್ಲಿ 100ರಿಂದ 64 ಕಳೆದು ಅದೇ ಉತ್ತರ ಬರುವುದನ್ನು ಅಲ್ಲೇ ನೋಡಿಸಬೇಕು. ಐದು ನಿಮಿಷದ ಕೆಲಸ. ಅದನ್ನು ಬಿಟ್ಟರೆ ಆಟ ಆಟವಾಗಿಯೇ ಉಳಿಯುತ್ತದೆ. ಮಗ್ಗಿಯೂ ಬೇಕು. ಅರ್ಥವಿಲ್ಲದ ಬಾಯಿಪಾಠವೆಂದು ಅದನ್ನು ಹೀಗಳೆಯುವವರಿದ್ದಾರೆ, ಆದರೆ ಏಳೆಂಟಲಿ ಎಷ್ಟು ಎಂದು ತಡಕಾಡುವ ಮಗುವಿಗೆ ಭಾಗಾಕಾರ ಹತ್ತುವುದಿಲ್ಲ.

ಪರಿಸರ ಅಧ್ಯಯನಕ್ಕೆ ನೋಡುವುದು ಮತ್ತು ಬರೆದಿಡುವುದು, ಇವೆರಡೇ ಸಾಕು. ಮೊಳಕೆ ಕಟ್ಟಿದ ಹೆಸರುಕಾಳಿನ ಉದ್ದವನ್ನು ದಿನಾ ಅಳೆಯಬಹುದು. ಮಳೆಗಾಲದ ರಜೆಯಲ್ಲಿ ತಳದಿಂದ ಬಾಯಿಯವರೆಗೆ ಒಂದೇ ಅಗಲವಿರುವ ಡಬ್ಬಿಯನ್ನು ಬಯಲಲ್ಲಿಟ್ಟು, ಬೆಳಿಗ್ಗೆ ಸ್ಕೇಲಿನಿಂದ ನೀರಿನ ಎತ್ತರ ನೋಡಿದರೆ ಆ ಊರಿನ ಮಳೆ ಮಿಲಿಮೀಟರಿನಲ್ಲಿ ಸಿಗುತ್ತದೆ. ಪತ್ರಿಕೆಯ ಅಂಕಿಯೊಡನೆ ಹೋಲಿಸಬಹುದು. ಬೇಸಿಗೆ ರಜೆಯಲ್ಲಿ ಅಂಗಳದಲ್ಲಿ ಕೋಲು ನೆಟ್ಟು ನೆರಳಿನ ತುದಿಗೆ ಗುರುತು ಹಾಕುತ್ತ ಹೋದರೆ, ನೆರಳು ತೀರ ಗಿಡ್ಡವಾಗುವುದು ಗಡಿಯಾರದ ಹನ್ನೆರಡಕ್ಕಲ್ಲ, ಆಮೇಲೆ ಎಂದು ಮಗುವೇ ಪತ್ತೆಹಚ್ಚುತ್ತದೆ. ಬೆಂಗಳೂರು, ಮಂಗಳೂರುಗಳ ಅಕ್ಷಾಂಶದಲ್ಲಿ ಏಪ್ರಿಲ್ 24–25ರ ಸುಮಾರಿಗೆ ಆ ಹೊತ್ತಿನಲ್ಲಿ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಶಾಲೆಗೆ ರಜೆ ಇರುವಾಗಲೇ ಬರುವ ಈ ದಿನವನ್ನು ಮನೆಯಲ್ಲಿ ನೋಡದಿದ್ದರೆ ಇನ್ನೆಲ್ಲಿ ನೋಡುವುದು?

ಚಿತ್ರ, ಹಾಡು, ಮಣ್ಣಿನ ಗೊಂಬೆ, ಓಟ ಮಗುವಿಗೆ ಬೇಕೇಬೇಕು. ಇವಕ್ಕೆ ಯೋಜನೆಗಿಂತ ಹೆಚ್ಚಾಗಿ ಬಿಡುವು ಮತ್ತು ಜಾಗ ಬೇಕು. ಮನೆಗೆಲಸದ ಬಗ್ಗೆ ಮಾತ್ರ ಒಂದು ಮಾತು ಹೇಳಬೇಕು. ಕಾಳು ಆರಿಸುವುದರಲ್ಲಿ, ಗಿಡಕ್ಕೆ ನೀರು ಹಾಕುವುದರಲ್ಲಿ ಕಲಿಕೆ ಇದೆ. ದಿನವಿಡೀ ತಮ್ಮನನ್ನು ಎತ್ತಿಕೊಂಡಿರುವುದರಲ್ಲಿ, ಇಡೀ ಮನೆಯ ಪಾತ್ರೆ ತೊಳೆಯುವುದರಲ್ಲಿ ಇಲ್ಲ. ಶಾಲೆ ಮುಚ್ಚಿದಾಗ ಹೆಣ್ಣುಮಕ್ಕಳ ಹೊತ್ತು ಮೊದಲು ಹೋಗುವುದು ಅಲ್ಲಿಗೆ. ‘ಜೀವನ ಕೌಶಲ’ ಎಂಬ ಹೆಸರಿನಲ್ಲಿ ಇದನ್ನೂ ಚಟುವಟಿಕೆಗಳ ಪಟ್ಟಿಗೆ ಸೇರಿಸಿಬಿಡುವುದು ಅನ್ಯಾಯ.

ಹೊತ್ತಿನ ಹಂಚಿಕೆಯಲ್ಲಿ ಶಾಲೆಯ ವೇಳಾಪಟ್ಟಿಯನ್ನು ಮನೆಯಲ್ಲಿ ನಕಲು ಮಾಡಲು ಹೋದವರು ವಾರದೊಳಗೆ ಸೋಲುತ್ತಾರೆ. ತರಗತಿಯ ನಲವತ್ತು ನಿಮಿಷ ಮೂವತ್ತು ಮಕ್ಕಳ ನಡುವೆ ಹಂಚಿಹೋಗುವಂಥದ್ದು. ಒಂದೇ ಮಗುವಿನ ಎದುರು ಕುಳಿತವರಿಗೆ ಹದಿನೈದು ನಿಮಿಷ ಸಾಕು. ಒಂದು, ಎರಡನೇ ತರಗತಿಯ ಮಗುವಿಗೆ ಇಂಥ ಮೂರು ನಾಲ್ಕು ತುಣುಕುಗಳು, ನಾಲ್ಕು, ಐದನೆಯವರಿಗೆ ಎಲ್ಲ ಸೇರಿ ಒಂದೂವರೆ ಎರಡು ಗಂಟೆ ಮಾಡಿದರೆ ಒಳ್ಳೆಯ ದಿನವೆನ್ನಬೇಕು. ಮುಖ್ಯವಾದದ್ದು ಒಂದೇ ಹೊತ್ತು, ಒಂದೇ ಜಾಗ: ದೀಪ ಹಚ್ಚಿದ ಮೇಲೆ, ನಡುಮನೆಯಲ್ಲಿ, ಟಿವಿ ಆರಿಸಿ.

ಕೂರುವವರು ಯಾರು ಎಂಬುದೇ ಕಠಿಣ ಪ್ರಶ್ನೆ. ಓದುಬರಹ ಬಾರದ ತಾಯಿ ಏನೂ ಮಾಡಲಾರಳು ಎಂಬ ಮಾತು ಶಿಕ್ಷಕರ ಕೊಠಡಿಯಲ್ಲೂ ಕೇಳಿಬರುತ್ತದೆ. ರುಕ್ಮಿಣಿ ಬ್ಯಾನರ್ಜಿ ಮತ್ತು ಸಂಗಡಿಗರು ಬಿಹಾರ, ರಾಜಸ್ಥಾನದ ಹಳ್ಳಿಗಳಲ್ಲಿ ನಡೆಸಿ 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತಾಯಂದಿರಿಗೆ ಅಕ್ಷರ ಕಲಿಸುವುದರ ಜೊತೆಗೆ, ಮಗುವಿನ ಜೊತೆ ಮನೆಯಲ್ಲಿ ಮಾಡುವ ಸಣ್ಣ ಚಟುವಟಿಕೆಗಳನ್ನೂ ಕೊಡಲಾಗಿತ್ತು. ಮಕ್ಕಳ ಕಲಿಕೆಯಲ್ಲಿ ಕಂಡ ಲಾಭ ಸಣ್ಣದು, ಆದರೆ ಇತ್ತು. ಅಕ್ಷರ ಬಾರದ ತಾಯಿಯೂ ‘ಓದು, ಕೇಳ್ತೀನಿ’ ಎನ್ನಬಲ್ಲಳು, ಓದಿದಮೇಲೆ ‘ಆಮೇಲೇನಾಯ್ತು?’ ಎಂದು ಕೇಳಬಲ್ಲಳು. ಮಗು ತೊದಲಿ ತಪ್ಪಿಸಿಕೊಂಡರೆ ಕತೆ ಕೂಡಿಬರುವುದಿಲ್ಲ, ಆಕೆಗೆ ತಿಳಿದೇ ತಿಳಿಯುತ್ತದೆ. ಇಂಗ್ಲಿಷ್ ಮಾಧ್ಯಮದ ಮಗುವಿನ ಮನೆಯಲ್ಲಿ ತೊಡಕು ಬೇರೆ ಬಗೆಯದು. ಪಾಠ ಪಾಲಕರಿಗೆ ಬಾರದ ಭಾಷೆಯಲ್ಲಿದೆ, ಪಾಲಕರಿಗೆ ಬರುವ ಭಾಷೆಗೆ ಶಾಲೆಯಲ್ಲಿ ಬೆಲೆಯಿಲ್ಲ. ಅಲ್ಲಿ ಪಾಠವನ್ನು ಕನ್ನಡದಲ್ಲಿ ವಿವರಿಸಿ ಹೇಳೆಂದು ಮಗುವನ್ನೇ ಕೇಳುವುದು ಒಳ್ಳೆಯ ದಾರಿ. ಅರ್ಥವಾಗಿದ್ದರೆ ಹೇಳುತ್ತದೆ.

ಕೆಲವೊಮ್ಮೆ ಮನೆಯಲ್ಲಿ ಯಾರೂ ಇರುವುದಿಲ್ಲ. ಆಗ ವಠಾರ ಮುಂದೆ ಬರಬೇಕು. ಏಳನೇ ತರಗತಿಯ ಹುಡುಗಿ ಎದುರುಮನೆಯ ಇಬ್ಬರು ಚಿಕ್ಕವರಿಗೆ ಓದಿಸುವ ಏರ್ಪಾಡಿಗೆ ಖರ್ಚಿಲ್ಲ. ನಲಿ-ಕಲಿ ತರಗತಿಯಲ್ಲಿ ಕೂತ ಮಕ್ಕಳಿಗೆ ಇದು ಹೊಸದೂ ಅಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಆರಂಭವಾದ ಆ ಪದ್ಧತಿಯಲ್ಲಿ ಮಕ್ಕಳು ಶಿಕ್ಷಕರಿಂದ ಮಾತ್ರವಲ್ಲದೆ ಸಹಪಾಠಿಗಳಿಂದಲೂ ತಾವಾಗಿಯೂ ಕಲಿಯಬೇಕೆಂದು ಗುಂಪುಗಳೇ ಇವೆ. 2020ರ ನವೆಂಬರ್ 14ರಂದು ಗ್ರಾಮೀಣಾಭಿವೃದ್ಧಿ ಇಲಾಖೆ ಆರಂಭಿಸಿದ ‘ಓದುವ ಬೆಳಕು’ ಇದೇ ನಂಬಿಕೆಯದು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದವರಿಗೆ ಉಚಿತ ಸದಸ್ಯತ್ವ ಕೊಟ್ಟು ಪುಸ್ತಕವನ್ನು ಮನೆಗೆ ಒಯ್ಯಲು ಬಿಟ್ಟರು. ಶಾಲೆ ತೆರೆದ ಮೇಲೂ ಉಳಿದ, ಮುಂದಿನ ಮಳೆ ರಜೆಗೂ ಒದಗುವ ಏರ್ಪಾಡು ಇದು. ಅಂಗವಿಕಲ ಮಕ್ಕಳಿಗೆ ಸಮಗ್ರ ಶಿಕ್ಷಣ ಯೋಜನೆಯಡಿ ಗೃಹಾಧಾರಿತ ಶಿಕ್ಷಣ ಮೊದಲಿನಿಂದ ಇದೆ. ಮನೆಯಲ್ಲಿ ಕಲಿಸುವ ಆ ಅನುಭವವನ್ನು ಉಳಿದ ಮಕ್ಕಳಿಗೆ ಯೋಜನೆ ಮಾಡುವಾಗ ಯಾರೂ ಕೇಳಿದಂತಿಲ್ಲ. ಬಿಸಿಯೂಟ ನಿಂತಾಗ ಕೊಟ್ಟ ಅಕ್ಕಿ, ಬೇಳೆಯನ್ನೂ ಇಲ್ಲಿ ನೆನೆಯಬೇಕು. ಹಸಿದ ಮಗುವಿನ ಮುಂದೆ ಚಟುವಟಿಕೆಯ ಹಾಳೆ ಇಡುವುದರಲ್ಲಿ ಅರ್ಥವಿಲ್ಲ.

ಶಿಕ್ಷಕರ ಕೆಲಸ ಇದರಲ್ಲಿ ಕಡಿಮೆಯಾಗುವುದಿಲ್ಲ, ಬದಲಾಗುತ್ತದೆ. ವಾಟ್ಸ್‌ಆ್ಯಪ್ ಗುಂಪಿಗೆ ಎಲ್ಲರಿಗೂ ಒಂದೇ ವರ್ಕ್‌ಶೀಟ್ ಹಾಕಿ, ಮಾಡಿದ್ದರ ಫೋಟೊ ಬಂದರೆ ಹಾಜರಿ ಹಾಕುವುದು ಸುಲಭದ ದಾರಿಯಾಗಿತ್ತು. ಅಕ್ಕನೋ ಟ್ಯೂಷನ್ ಟೀಚರೋ ಬರೆದ ಉತ್ತರಗಳೂ ಅದರಲ್ಲಿ ಸೇರಿರುತ್ತಿದ್ದವು. ವಾರಕ್ಕೊಮ್ಮೆ ಪ್ರತಿ ಮಗುವಿಗೆ ಐದು ನಿಮಿಷ ಫೋನ್ ಮಾಡಿ ಒಂದು ಪ್ಯಾರಾ ಓದಿಸಿ ಕೇಳುವುದಕ್ಕೆ ಇಪ್ಪತ್ತೈದು ಮಕ್ಕಳಿಗೆ ಎರಡು ಗಂಟೆಗೆ ತುಸು ಹೆಚ್ಚು ಬೇಕು. ಅಕ್ಷರ, ಪದ, ಪ್ಯಾರಾ, ಕತೆ ಎಂಬ ನಾಲ್ಕು ಮೆಟ್ಟಿಲಿನ ಅಸರ್ ಪರೀಕ್ಷೆಯಿಂದ ಮಗು ಎಲ್ಲಿದೆಯೆಂದು ಕೆಲವೇ ನಿಮಿಷದಲ್ಲಿ ತಿಳಿಯುತ್ತದೆ. ಲೆಕ್ಕಕ್ಕೂ ಅಂಕಿ ಗುರುತಿಸುವುದರಿಂದ ಭಾಗಾಕಾರದವರೆಗೆ ಅಂಥದ್ದೇ ಮೆಟ್ಟಿಲುಗಳಿವೆ. ಯಾವ ಮಗುವಿಗೆ ಯಾವ ಚಟುವಟಿಕೆ ಎಂಬುದನ್ನು ತರಗತಿಯ ಸಂಖ್ಯೆ ನೋಡಿ ನಿರ್ಧರಿಸುವ ಬದಲು ಈ ಮೆಟ್ಟಿಲು ನೋಡಿ ನಿರ್ಧರಿಸಬೇಕಿತ್ತು.

ರಾಜ್ಯ ಆ ದಾರಿಗೆ ಬಂದದ್ದು ಶಾಲೆ ತೆರೆದ ಮೇಲೆ. 2022–23ನ್ನು ‘ಕಲಿಕಾ ಚೇತರಿಕೆ’ಯ ವರ್ಷವೆಂದು ಘೋಷಿಸಿ, ಹಿಂದಿನ ತರಗತಿಗಳಲ್ಲಿ ತಪ್ಪಿಹೋದ ಕಲಿಕಾ ಫಲಗಳನ್ನೂ ಸೇರಿಸಿದ ಹಾಳೆಗಳನ್ನು ಮಕ್ಕಳಿಗೆ ಕೊಡಲಾಯಿತು. ಆಗ ಶಿಕ್ಷಕರ ಕೈಗೆ ಬಂದ ಮಕ್ಕಳಲ್ಲಿ ಮನೆಯಲ್ಲಿ ದಿನಾ ಓದಿದವರೂ 19 ತಿಂಗಳು ಪುಸ್ತಕ ಮುಟ್ಟದವರೂ ಒಂದೇ ಸಾಲಿನಲ್ಲಿ ಕುಳಿತಿದ್ದರು. ಮನೆಯಲ್ಲಿ ಏನು ನಡೆಯಿತೆಂಬುದಕ್ಕೆ ಹೆಚ್ಚಿನ ಮಕ್ಕಳ ಬಳಿ ಒಂದು ಪುಟದ ದಾಖಲೆಯೂ ಇರಲಿಲ್ಲ. ಯಾವ ಪುಸ್ತಕ ಮುಗಿಯಿತು, ಎಷ್ಟರ ಮಗ್ಗಿವರೆಗೆ ಬಂತು, ಯಾವ ಒತ್ತಕ್ಷರದಲ್ಲಿ ತಡೆಯುತ್ತದೆ ಎಂದು ಅಕ್ಕನೋ ಅಪ್ಪನೋ ದಿನಕ್ಕೊಂದು ಸಾಲು ಬರೆದಿಟ್ಟ ನೋಟ್‌ಬುಕ್ ಇದ್ದಿದ್ದರೆ ಶಿಕ್ಷಕರು ಮೊದಲ ವಾರವೇ ಪಾಠ ಶುರುಮಾಡಬಹುದಿತ್ತು. ಹಾಗಿಲ್ಲದೆ ಆ ವಾರಗಳು ಪ್ರತಿ ಮಗುವನ್ನೂ ಮೊದಲಿಂದ ಪರೀಕ್ಷಿಸುವುದರಲ್ಲಿ ಕಳೆದವು.